ಯಂತ್ರ ಹೇಳುವ ದೂರು

ದೂರು ಹೇಳುವವರಲ್ಲಿ ಎರಡು ಬಗೆಯುಂಟು. ಕೆಲವರು ಮುಖ ತಿರುಗಿಸಿ ಕುಳಿತುಬಿಡುತ್ತಾರೆ. ಕಾರಣವನ್ನು ನಾವೇ ಊಹಿಸಬೇಕು. ಇನ್ನು ಕೆಲವರು "ಸಾರಿಗೆ ಉಪ್ಪಿಲ್ಲ" ಎಂದು ನೇರವಾಗಿ ಅಂದುಬಿಡುತ್ತಾರೆ. ಗಣಕಯಂತ್ರವು ಈ ಎರಡನೆಯ ಪಂಗಡಕ್ಕೆ ಸೇರಿದ್ದು. ಆದರೆ ಅದರ ಮಾತು ಇಂಗ್ಲಿಷು, ಧಾಟಿಯೂ ತುಸು ಒರಟು. ಬೈಗಳೆಂದು ತಿಳಿದು ಹುಡುಗರು ಎದೆಗುಂದುತ್ತಾರೆ.

ಪುಣೆಯಲ್ಲಿ ನಮ್ಮ ನೆರೆಗೆ ವಿಜಾಪುರದ ಕಡೆಯ ಹುಡುಗಿಯೊಬ್ಬಳು ಇಂಜಿನಿಯರಿಂಗ್ ಓದಲು ಬಂದಿದ್ದಾಳೆ. ಹತ್ತನೆಯ ತರಗತಿಯವರೆಗೆ ಕಲಿತದ್ದು ಕನ್ನಡದಲ್ಲಿ. ಕೊಟ್ಟ ಸಂಖ್ಯೆಗೆ ವರ್ಗಮೂಲ ಹೇಳುವ ಹತ್ತು ಸಾಲಿನ ಪ್ರೋಗ್ರಾಮು. ಮೂರು ದಿನವಾದರೂ ಓಡಲೊಲ್ಲದು. ಕಂಪೈಲರನ್ನು ಎರಡು ಸಲ ತೆಗೆದು ಹಾಕಿದ್ದೂ ಆಗಿತ್ತು. "ಕಾಕಾ, ಇದು ನನ್ನ ತಲಿಗೆ ಹತ್ತೂದಿಲ್ರಿ. ಊರಿಗೆ ಹೋಗಿ ಬಿ.ಎ. ಸೇರ್ತೀನ್ರಿ" ಎಂದಳು.

"ಅದೇನನ್ನುತ್ತದೆ, ಓದವ್ವಾ" ಎಂದೆ. 'ಎಸ್‌ಟಿಡಿಐಒ ಡಾಟ್ ಎಚ್: ನೋ ಸಚ್ ಫೈಲ್' ಎಂದು ಓದಿದಳು. ಉಬಂಟುವಿನಲ್ಲಿ ಜಿಸಿಸಿ ಇತ್ತು, ಅದಕ್ಕೆ ಬೇಕಾದ ಹೆಡರ್ ಕಡತಗಳಿರಲಿಲ್ಲ. ಎರಡನ್ನೂ ಒಟ್ಟಿಗೆ ತರುವ 'ಬಿಲ್ಡ್-ಎಸೆನ್ಶಿಯಲ್' ಕಟ್ಟನ್ನು ಹಾಕಿದೆವು. ಆ ದೂರು ಹೋಯಿತು. ಒಡನೆಯೇ ಇನ್ನೊಂದು: ವರ್ಗಮೂಲ ತೆಗೆಯುವ 'ಎಸ್‌ಕ್ಯೂಆರ್‌ಟಿ'ಗೆ 'ಅನ್‌ಡಿಫೈನ್ಡ್ ರೆಫರೆನ್ಸ್'!

"ಗಣಿತದ ಹೆಡರು ಸೇರಿಸೀನಲ್ರಿ?" ಎಂದಳು. ನಿಜವೇ. ಆದರೆ ಹೆಡರೆಂಬುದು ಲಗ್ನಪತ್ರಿಕೆ. ಅದರಲ್ಲಿ ಓಲಗದವರ ಹೆಸರು ಅಚ್ಚಾದ ಮಾತ್ರಕ್ಕೆ ಓಲಗದವರು ಬಂದಂತಾಯಿತೇ? ಪತ್ರಿಕೆ ನೋಡಿ ಒಪ್ಪುವವನು ಕಂಪೈಲರು. ಬಂದವರನ್ನು ಎಣಿಸುವವನು ಲಿಂಕರು. ಗಣಿತದ ಲೈಬ್ರರಿಯನ್ನು ಕರೆಯಲು ಆಜ್ಞೆಯಲ್ಲಿ ಅಡ್ಡಗೀಟು, ಎಲ್, ಎಮ್ ಎಂದು ಬರೆಯಬೇಕು. ಅದನ್ನೂ ಕಡತದ ಹೆಸರಿನ ನಂತರವೇ ಬರೆಯಬೇಕು. ಲಿಂಕರು ಎಡದಿಂದ ಬಲಕ್ಕೆ ಸಾಗುತ್ತದೆ. ಎಲೆ ಹಾಕುವ ಮೊದಲೇ ಬಡಿಸಲು ಬಂದವನನ್ನು ಬೇಡವೆಂದು ಕಳಿಸಿ, ಆಮೇಲೆ ಊಟವಿಲ್ಲವೆಂದು ದೂರುತ್ತದೆ.

ನಾವೇ ತಂದ ಲೈಬ್ರರಿಗಳಾದರೆ ವಿಳಾಸವನ್ನೂ ಕೊಡಬೇಕು. ಹೆಡರಿನ ದಾರಿಗೆ ದೊಡ್ಡ ಐ, ಲೈಬ್ರರಿಯ ದಾರಿಗೆ ದೊಡ್ಡ ಎಲ್. ಇಷ್ಟಾಗಿಯೂ ಓಡಿಸುವಾಗ 'ಶೇರ್ಡ್ ಲೈಬ್ರರಿ' ಸಿಗಲಿಲ್ಲವೆಂದರೆ, ಅದು ಮೂರನೆಯವನ ಮಾತು: ಲೋಡರಿನದು. ಯಾರು ದೂರುತ್ತಿದ್ದಾರೆಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ದೂರುಗಳು ನೂರಿದ್ದರೆ ಮೊದಲನೆಯದನ್ನೇ ಓದಬೇಕು. ಉಳಿದವು ಅನೇಕ ವೇಳೆ ಅದರ ಮರಿಗಳು.

ಪರದೆಯ ಮೇಲೆ ಎರಡರ ವರ್ಗಮೂಲ 1.414214 ಎಂದು ಮೂಡಿತು. ಹುಡುಗಿ ಬಿ.ಎ. ಮಾತು ಮತ್ತೆ ಎತ್ತಲಿಲ್ಲ.

ಸಿ ಭಾಷೆಗೆ ಐವತ್ತು ವರ್ಷ ದಾಟಿತು, ಜಿಸಿಸಿ 1987ರಲ್ಲಿ ಬಂದದ್ದು. ಇವೇ ದೂರುಗಳನ್ನು ಎಷ್ಟು ದೇಶಗಳ ಮಕ್ಕಳು ಕೇಳಿದ್ದಾರೋ! ನಿಮ್ಮ ಮನೆಯ ಹುಡುಗರೂ ಹೀಗೆ ಮುಖ ಬಾಡಿಸಿಕೊಂಡು ಕುಳಿತರೆ, ನಿಮಗೆ ಗಣಕ ಬಾರದಿದ್ದರೂ ಚಿಂತೆಯಿಲ್ಲ. ಪಕ್ಕದಲ್ಲಿ ಕುಳಿತು, "ಅದೇನನ್ನುತ್ತದೆ, ಗಟ್ಟಿಯಾಗಿ ಓದು, ಕನ್ನಡದಲ್ಲಿ ಹೇಳು" ಎನ್ನಿರಿ.