ನೀಗನ್‌ನನ್ನು ಕ್ಷಮಿಸುವ ಹಕ್ಕು ಯಾರದು?

'ದಿ ವಾಕಿಂಗ್ ಡೆಡ್' ಎಂಬ ಅಮೆರಿಕನ್ ಧಾರಾವಾಹಿಯಲ್ಲಿ ನಾಗರಿಕತೆ ಕುಸಿದಿದೆ, ಸತ್ತವರು ಎದ್ದು ಅಲೆಯುತ್ತಾರೆ. 2016ರಲ್ಲಿ ಅದರೊಳಗೆ ಕಾಲಿಟ್ಟ ಖಳ ನೀಗನ್ ನಮ್ಮ ಮನೆಯ ಯುವಕರಿಗೆ ಅಚ್ಚುಮೆಚ್ಚು. ಅವನ ಹಾಸ್ಯ, ಮಾತಿನ ಓಘ ಆಕರ್ಷಕವೇ ಸರಿ. ನನಗೂ ನಗು ಬಂದದ್ದುಂಟು. ಆದರೆ ಮಂಡಿಯೂರಿದ್ದ ಗ್ಲೆನ್‌ನನ್ನು ಗರ್ಭಿಣಿ ಪತ್ನಿ ಮ್ಯಾಗಿಯ ಕಣ್ಣೆದುರೇ, ಮುಳ್ಳುತಂತಿ ಸುತ್ತಿದ ಬ್ಯಾಟಿನಿಂದ ಹೊಡೆದು ಕೊಂದವನು ಅವನೇ. ಜನರ ದವಸ-ಸಾಮಗ್ರಿಗಳಲ್ಲಿ ಅರ್ಧವನ್ನು ಕಸಿದವನೂ ಅವನೇ. ಮಾತಿನಿಂದ ಮೆಚ್ಚಿಸಿ, ಭೂಮಿಯಲ್ಲಿ ಬೆಳೆಯನ್ನೂ ಜೀವಗಳನ್ನೂ ನಾಶಗೊಳಿಸುವವನ ಕುರಿತು ಪವಿತ್ರ ಕುರ್‌ಆನ್ ಅಲ್‌ಬಕರ ಅಧ್ಯಾಯದಲ್ಲಿ (2:204-205) ಎಚ್ಚರಿಸಿದೆ.

ಯುದ್ಧದ ಕೊನೆಗೆ ನಾಯಕ ರಿಕ್ ನೀಗನ್‌ನ ಕೊರಳು ಸೀಳುತ್ತಾನೆ. ಮರುಕ್ಷಣವೇ ವೈದ್ಯ ಸಿದ್ದೀಕ್‌ನಿಂದ ಚಿಕಿತ್ಸೆ ಕೊಡಿಸಿ ಉಳಿಸುತ್ತಾನೆ. ಕ್ರೋಧವನ್ನು ಮೀರುವ ಕಾರುಣ್ಯದ ಮಾತು ಅಲ್ಲಿ ಬರುತ್ತದೆ. ಹದೀಸ್ ಬಲ್ಲವರಿಗೆ ಅದು ಪರಿಚಿತ. ಆದರೂ ಆ ಕ್ಷಮೆ ನನ್ನ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಕೊಲೆಯ ಪ್ರತೀಕಾರವನ್ನು, ಅಂದರೆ ಕಿಸಾಸನ್ನು, ಬಿಟ್ಟುಕೊಡುವ ಹಕ್ಕನ್ನು ಇಸ್ಲಾಮ್ ಹತನ ವಾರಸುದಾರರಿಗೆ ಕೊಟ್ಟಿದೆ. ಅದು ಗೆದ್ದ ನಾಯಕನದಲ್ಲ, ಸೋಫಾದ ಮೇಲೆ ಕುಳಿತು ನಗುವ ನಮ್ಮದಂತೂ ಅಲ್ಲ. ರಿಕ್ ಮ್ಯಾಗಿಯನ್ನು ಕೇಳಲೇ ಇಲ್ಲ. ಗ್ಲೆನ್‌ಗೆ ನ್ಯಾಯ ಸಿಗಬೇಕೆಂದು ಚೀರುತ್ತಿದ್ದ ಆಕೆಯನ್ನು ಗೆಳತಿಯೇ ಬಿಗಿಯಾಗಿ ಹಿಡಿದುಕೊಂಡಿದ್ದಳು.