ಚಂದಾ ಎತ್ತುವ ಹಂಗಾಮು

ಹಾಸನದ ಕಡೆ ಕಾಲೇಜಿನ ಕ್ರೀಡಾ ಸಂಘಕ್ಕೆ ಚಂದಾ ಎತ್ತುವುದಕ್ಕೂ ಒಂದು ಹಂಗಾಮು ಇದೆ. ಮೇ, ಜೂನ್ ತಿಂಗಳಲ್ಲಿ ಜಲಂಧರಿನಿಂದ ಬಿತ್ತನೆ ಆಲೂಗೆಡ್ಡೆಯ ಲಾರಿಗಳು ಎಪಿಎಂಸಿಗೆ ಬಂದು ನಿಂತಿರುವಾಗ ರಸೀದಿ ಪುಸ್ತಕ ಹಿಡಿದು ಹೋದರೆ ಯಾರಿಗೂ ಪುರಸೊತ್ತಿರುವುದಿಲ್ಲ. ರೈತರು ಬೀಜಕ್ಕೆ, ಗೊಬ್ಬರಕ್ಕೆ ಸಾಲ ಮಾಡುವ ಕಾಲ ಅದು. ಮೂರು ತಿಂಗಳು ಕಳೆದು ಗೆಡ್ಡೆ ಕಿತ್ತ ಮೇಲೆ ಅದೇ ಅಂಗಡಿಸಾಲಿನಲ್ಲಿ ಕೂತು ಮಾತಾಡಿ ಅನ್ನುತ್ತಾರೆ. ಅಂಗಮಾರಿ ರೋಗ ಬಿದ್ದ ವರ್ಷ ಹೊಲದ ಜೊತೆಗೆ ಆಟದ ಅಂಗಳವೂ ಬಾಡುತ್ತದೆ. ಅರಕಲಗೂಡಿನ ಹುಡುಗರು ರಾಮನಾಥಪುರದ ತಂಬಾಕು ಹರಾಜು ಶುರುವಾಗಲಿ ಎಂದು ಕಾಯುತ್ತಾರೆ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ರೇಟು ಏರಿದರೆ ರಸೀದಿಯಲ್ಲಿ ಬರೆಯುವ ಮೊತ್ತವೂ ಏರುತ್ತದೆ. ಹೊಳೆನರಸೀಪುರದಲ್ಲಿ ಹೇಮಾವತಿ ನೀರು ಗದ್ದೆಗೆ ಹರಿದು ಭತ್ತ ಮನೆ ಸೇರಬೇಕು.

ಕಾಲೇಜು ಶುಲ್ಕದಲ್ಲಿ ಕ್ರೀಡೆಗೆಂದು ಒಂದಿಷ್ಟು ಕಟ್ಟಿಸಿಕೊಳ್ಳುತ್ತಾರಲ್ಲ, ಮತ್ತೆ ಚಂದಾ ಏಕೆ ಎಂದು ಕೇಳುವವರಿದ್ದಾರೆ. ಕಬಡ್ಡಿಯನ್ನೇ ನೋಡಿ. ಅಂಕಣಕ್ಕಿಳಿಯುವವರು 7 ಜನ, ಬದಲಿ ಆಟಗಾರರು 5 ಜನ. ಹನ್ನೆರಡು ಮಕ್ಕಳಿಗೆ ಬನಿಯನ್ನು, ಚಡ್ಡಿ, ಬೂಟು, ಊಟ, ಬಸ್ ಚಾರ್ಜು ಆಗಬೇಕು. ದೊಡ್ಡ ಪಂದ್ಯಾವಳಿಗಳು ಈಗ ಮ್ಯಾಟ್ ಮೇಲೆ ನಡೆಯುತ್ತವೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟಕ್ಕೂ ಮ್ಯಾಟ್ ಹಾಸುವ ಶಕ್ತಿ ತಾಲ್ಲೂಕಿನ ಎಷ್ಟು ಕಾಲೇಜುಗಳಿಗಿದೆ? ಮಣ್ಣಿನಲ್ಲಿ ಕಲಿತ ಕಾಲು ಮ್ಯಾಟ್ ಮೇಲೆ ಹೊಂದಿಕೊಳ್ಳುವಷ್ಟರಲ್ಲಿ ಪಂದ್ಯ ಮುಗಿದಿರುತ್ತದೆ. ಮಕ್ಕಳು ಸೋಲುವುದು ಎಷ್ಟೋ ಸಲ ಇಲ್ಲಿ, ತಾಕತ್ತು ಇಲ್ಲದೆ ಅಲ್ಲ.

ಓದುವ ದಿನಗಳಲ್ಲಿ ನಾನೂ ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ರಸೀದಿ ಪುಸ್ತಕ ಹಿಡಿದು ತಿರುಗಿದ್ದೇನೆ. ಬಾಳೆಹಣ್ಣು ಮಾರುತ್ತಿದ್ದ ಒಬ್ಬ ಅಜ್ಜಿ ಗೋಣಿತಾಟಿನ ಅಡಿಯಿಂದ ಹತ್ತು ರೂಪಾಯಿ ತೆಗೆದುಕೊಟ್ಟು, "ದುಡ್ಡು ಕೊಟ್ಟಿವ್ನಿ ಕಣಪ್ಪ, ಆಟ ಯಾವತ್ತು ಅಂತ ಬಂದು ಹೇಳ್ಬೇಕು" ಎಂದರು. ಹೆಸರು ಬರೆಸಿ, ರಸೀದಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲಕ್ಕೆ ಸೇರಿಸಿದರು. ಪಂದ್ಯದ ದಿನ ಬುಟ್ಟಿ ಸಮೇತ ಬಂದು ಗೆರೆಯ ಪಕ್ಕದಲ್ಲೇ ಕೂತರು. ಮುಂದಿನ ವರ್ಷ ಹೋದಾಗ ಅವರ ಮೊದಲ ಮಾತು, "ಹೋದ್ಸಲದ ದುಡ್ಡಲ್ಲಿ ಏನೇನ್ ತಕಂಡ್ರಿ?"

ಚಂದಾದ ಬೆಲೆ ಇರುವುದೇ ಆ ಪ್ರಶ್ನೆಯಲ್ಲಿ. ಒಬ್ಬ ದೊಡ್ಡ ಮನುಷ್ಯರು ಎಲ್ಲ ಖರ್ಚನ್ನೂ ವಹಿಸಿಕೊಂಡರೆ ಕೆಲಸ ಬೇಗ ಆಗುತ್ತದೆ, ಫ್ಲೆಕ್ಸಿನಲ್ಲಿ ಅವರ ಫೋಟೊ ಬರುತ್ತದೆ. ಆದರೆ ಲೆಕ್ಕ ಕೇಳುವವರು ಇರುವುದಿಲ್ಲ, ಮುಂದಿನ ವರ್ಷ ಅವರು ಕೈಬಿಟ್ಟರೆ ಸಂಘವೂ ಇರುವುದಿಲ್ಲ. ಹತ್ತು, ಐವತ್ತು, ನೂರು ಎಂದು ಇಡೀ ಪೇಟೆ ಕೊಟ್ಟ ದುಡ್ಡು ಹಾಗಲ್ಲ. ಕೊಟ್ಟವರು ಆಟ ನೋಡಲು ಬರುತ್ತಾರೆ, ಮಕ್ಕಳ ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ, ತಪ್ಪಿದರೆ ಗದರುತ್ತಾರೆ.

ಹಾಗಾಗಿ ಇವತ್ತಿನ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಫೋನ್‌ಪೇಯಲ್ಲಿ ಬಂದ ದುಡ್ಡಿಗೂ ರಸೀದಿ ಹರಿದುಕೊಡಿ. ಬಂದದ್ದು, ಖರ್ಚಾದದ್ದು, ಉಳಿದದ್ದು ಎಲ್ಲವನ್ನೂ ಬರೆದು ಕಾಲೇಜಿನ ನೋಟಿಸ್ ಬೋರ್ಡಿಗೆ ಹಚ್ಚಿ, ಅದರ ಒಂದು ಪ್ರತಿಯನ್ನು ಅಂಗಡಿ ಬೀದಿಗೂ ಮುಟ್ಟಿಸಿ. ಹುಡುಗಿಯರ ತಂಡದ ಬೂಟು, ಬಟ್ಟೆಯನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸಾಮಾಜಿಕ ಹೊಣೆಗಾರಿಕೆಗೆ ಎತ್ತಿಡುವ ಹಣವನ್ನು ಗ್ರಾಮೀಣ ಕ್ರೀಡೆಯ ತರಬೇತಿಗೂ ಕೊಡಬಹುದು. ಆ ಬಾಗಿಲು ತಟ್ಟುವಾಗಲೂ ಮೊದಲು ತೋರಿಸಬೇಕಾದದ್ದು ಹಳೆಯ ಲೆಕ್ಕವನ್ನೇ. ಹಣ್ಣಿನ ಅಜ್ಜಿಯ ಹತ್ತು ರೂಪಾಯಿಗೆ ನೆಟ್ಟಗೆ ಲೆಕ್ಕ ಕೊಟ್ಟ ಸಂಘ ಮ್ಯಾಟಿಗೆ ಬೇಕಾದ ಲಕ್ಷವನ್ನೂ ಧೈರ್ಯವಾಗಿ ಕೇಳಬಹುದು.