ಸಮೂಹ ಸಮರದಲ್ಲಿ ಸಂಯಮ

ಯುದ್ಧವೆಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಒಬ್ಬ ವೀರನ ಚಿತ್ರ. ನಮ್ಮ ಕಾವ್ಯಗಳೂ ಊರೂರಿನ ವೀರಗಲ್ಲುಗಳೂ ಒಬ್ಬೊಬ್ಬ ವೀರನ ಸಾಹಸವನ್ನೇ ಎತ್ತಿ ಹಿಡಿದಿವೆ. ಆದರೆ ಮಹಾಭಾರತದ ದ್ರೋಣಪರ್ವವನ್ನು ಎಚ್ಚರದಿಂದ ಓದಿದವರಿಗೆ ಇನ್ನೊಂದು ಸಂಗತಿಯೂ ಹೊಳೆಯದಿರದು. ಅಭಿಮನ್ಯುವು ಚಕ್ರವ್ಯೂಹವನ್ನು ಭೇದಿಸಿ ಒಳಹೊಕ್ಕನು. ಅವನ ಬೆನ್ನ ಹಿಂದೆಯೇ ಬರಬೇಕಾಗಿದ್ದ ಭೀಮಾದಿಗಳನ್ನು ಜಯದ್ರಥನು ವ್ಯೂಹದ ಮುಖದಲ್ಲೇ ತಡೆದನು. ಅಲ್ಲಿ ಕೊರತೆಯಾದದ್ದು ಶೌರ್ಯವಲ್ಲ. ಮುಂದೆ ಹೋದವನಿಗೂ ಹಿಂದೆ ಉಳಿದವರಿಗೂ ನಡುವೆ ಇರಬೇಕಾಗಿದ್ದ ಕೊಂಡಿ ಕಡಿದುಹೋದದ್ದು. ಒಬ್ಬನಾಗಿ ಹೋರಾಡುವುದು ಒಂದು ವಿದ್ಯೆ, ಸಮೂಹವಾಗಿ ಹೋರಾಡುವುದು ಬೇರೆಯೇ ಒಂದು ವಿದ್ಯೆ. ಈ ಎರಡನೆಯ ವಿದ್ಯೆಯ ಒಳಮರ್ಮವನ್ನು ಅದರ ಎಲ್ಲ ವಿವರಗಳೊಡನೆ ನಾವು ಕೇಳಿ ತಿಳಿದದ್ದು ಯಾವ ಗ್ರಂಥದಿಂದಲೂ ಅಲ್ಲ. ಗಣಕಯಂತ್ರದ ಆಟವೊಂದರಲ್ಲಿ ಹಲವು ವರ್ಷಗಳನ್ನು ಕಳೆದ, ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬನಿಂದ.

ಈತ ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ, ಇಂಜಿನಿಯರಾಗಿ ಅಮೆರಿಕೆಗೆ ತೆರಳಿ ಅಲ್ಲಿಯೇ ನೆಲೆಸಿದವನು. ೨೦೦೬ರಲ್ಲಿ ಅಲ್ಲಿಯ ಭಕ್ತರ ಆಹ್ವಾನದ ಮೇರೆಗೆ ಪ್ರವಚನಕ್ಕೆಂದು ಹೋದಾಗ ಕೆಲವು ದಿನ ನಾವು ಇವನ ಮನೆಯಲ್ಲಿ ತಂಗಿದ್ದೆವು. ಅನಂತರವೂ ಊರಿಗೆ ಬಂದಾಗಲೆಲ್ಲ ಆತ ಮಠಕ್ಕೆ ಬಂದು ಮಾತನಾಡಿ ಹೋಗುವುದುಂಟು. ಮಕ್ಕಳೋ ಮೊಮ್ಮಕ್ಕಳೋ ಇಂತಹ ಆಟಗಳಲ್ಲಿ ತೊಡಗಿರುವ ಮನೆಗಳು ಈಗ ನಮ್ಮ ಓದುಗರಲ್ಲಿಯೂ ಕಡಿಮೆಯಿಲ್ಲವಾದ್ದರಿಂದ, ಅವನು ಹೇಳಿದ್ದನ್ನೂ ನಾವು ಕಂಡದ್ದನ್ನೂ ಕೂಡಿಸಿ ಇಲ್ಲಿ ಬರೆಯುವುದು ಉಚಿತವೆಂದು ಭಾವಿಸಿದ್ದೇವೆ.

ಆ ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಅಮೆರಿಕದ ಬ್ಲಿಝಾರ್ಡ್ ಎಂಟರ್‌ಟೈನ್‌ಮೆಂಟ್ ಎಂಬ ಸಂಸ್ಥೆ ಅದನ್ನು ೨೦೦೪ರ ನವೆಂಬರ್ ೨೩ರಂದು ಹೊರತಂದಿತು. ಅಜೆರಾತ್ ಎಂಬುದೊಂದು ಕಲ್ಪಿತ ಲೋಕ. ಸಾವಿರಾರು ಮೈಲಿ ದೂರದಲ್ಲಿ ತಮ್ಮ ತಮ್ಮ ಮನೆಗಳಲ್ಲಿ ಕುಳಿತ ಜನ ಏಕಕಾಲಕ್ಕೆ ಆ ಲೋಕವನ್ನು ಪ್ರವೇಶಿಸಿ, ಯೋಧನೋ ಮಾಂತ್ರಿಕನೋ ಬೇಟೆಗಾರನೋ ಆಗಿ ಒಂದೊಂದು ವೇಷವನ್ನು ತಾಳುತ್ತಾರೆ. ಅನೇಕ ಕಾರ್ಯಗಳನ್ನು ಅಲ್ಲಿ ಒಬ್ಬೊಬ್ಬರೇ ಮಾಡಬಹುದು. ಆದರೆ ಅತ್ಯಂತ ಪ್ರಬಲರಾದ ವೈರಿಗಳನ್ನು ಎದುರಿಸಲು, ಆ ಮೊದಲ ವರ್ಷಗಳಲ್ಲಿ, ನಲವತ್ತು ಮಂದಿ ಒಟ್ಟಾಗಿ ಹೋಗಬೇಕಾಗಿತ್ತು. ಐವರ ಎಂಟು ಪಂಗಡಗಳು, ಒಬ್ಬ ನಾಯಕ, ಎಲ್ಲರ ಕಿವಿಯಲ್ಲೂ ಅವನ ಧ್ವನಿ. ಇದಕ್ಕೆ ಆಟಗಾರರು ರೇಡ್ ಎನ್ನುತ್ತಾರೆ. ಹೀಗೆ ಸದಾ ಜೊತೆಗೂಡುವ ತಂಡಕ್ಕೆ ಗಿಲ್ಡ್ ಎನ್ನುತ್ತಾರೆ. ಒಮ್ಮೆ ಕೊಂದ ವೈರಿಯನ್ನು ಸಾಮಾನ್ಯವಾಗಿ ಮರುವಾರದವರೆಗೆ ಮತ್ತೆ ಕೊಲ್ಲುವಂತಿಲ್ಲ. ಆದಕಾರಣ ವಾರವಾರವೂ ಗೊತ್ತಾದ ರಾತ್ರಿಗಳಲ್ಲಿ ನಲವತ್ತು ಮಂದಿಯೂ ಹಾಜರಾಗಬೇಕು. ನಮ್ಮ ವಿದ್ಯಾರ್ಥಿಯ ತಂಡಕ್ಕೆ ವಾರಕ್ಕೆ ಮೂರು ರಾತ್ರಿ, ಪ್ರತಿ ರಾತ್ರಿ ನಾಲ್ಕು ಗಂಟೆ ಎಂಬ ನಿಯಮವಿತ್ತು.

ಈ ಸಮರದಲ್ಲಿ ಮೂರು ಬಗೆಯ ಕೆಲಸಗಳುಂಟು. ವೈರಿಯ ಏಟುಗಳನ್ನೆಲ್ಲ ತನ್ನ ಮೈಮೇಲೆ ತೆಗೆದುಕೊಂಡು ನಿಲ್ಲುವವನು ಒಬ್ಬ. ಅವನಿಗೆ ಟ್ಯಾಂಕ್ ಎಂದು ಹೆಸರು. ಗಾಯಗೊಂಡವರನ್ನು ಮಂತ್ರದಿಂದ ಗುಣಪಡಿಸುವವರು ಕೆಲವರು, ಅವರು ಹೀಲರ್‌ಗಳು. ಮಿಕ್ಕವರೆಲ್ಲ ವೈರಿಯನ್ನು ಹೊಡೆಯುವವರು. ಹೊಡೆಯುವವರದೇ ಸುಲಭದ ಕೆಲಸವೆಂದು ತೋರಬಹುದು. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ತನ್ನ ಮೇಲೆ ಯಾರು ಎಷ್ಟು ಪ್ರಹಾರ ಮಾಡಿದರೆಂಬ ಲೆಕ್ಕವನ್ನು ಆಟದ ವೈರಿ ಒಳಗೊಳಗೇ ಇಟ್ಟುಕೊಂಡಿರುತ್ತದೆ. ಹತ್ತಿರ ನಿಂತು ಹೊಡೆಯುವವನ ಲೆಕ್ಕ ಟ್ಯಾಂಕ್‌ನ ಲೆಕ್ಕಕ್ಕಿಂತ ನೂರಕ್ಕೆ ಹತ್ತರಷ್ಟು ಮೀರಿದರೆ, ದೂರ ನಿಂತವನದು ನೂರಕ್ಕೆ ಮೂವತ್ತರಷ್ಟು ಮೀರಿದರೆ, ವೈರಿಯು ಟ್ಯಾಂಕ್‌ನನ್ನು ಬಿಟ್ಟು ಅವನತ್ತ ತಿರುಗಿಬಿಡುತ್ತದೆ. ಅನಂತರ ಅವನು ಸಾಯುವುದು ನಿಶ್ಚಯ. ಅವನೊಡನೆ ಅಕ್ಕಪಕ್ಕದವರೂ ಸಾಯಬಹುದು. ಆದ್ದರಿಂದ ಮೊದಲ ಕೆಲವು ಕ್ಷಣ ಎಲ್ಲರೂ ಕೈಕಟ್ಟಿ ನಿಲ್ಲಬೇಕು. ಅನಂತರವೂ ತನ್ನ ಬಲವನ್ನು ಅಳೆದು ಅಳೆದು ಪ್ರಯೋಗಿಸಬೇಕು. “ಬುದ್ಧೀ, ಹೊಡೆಯೋದನ್ನ ಒಂದು ವಾರದಲ್ಲಿ ಕಲಿಸಬಹುದು. ಹೊಡೆಯದೆ ನಿಲ್ಲೋದನ್ನ ಕಲಿಸೋಕೆ ಆರು ತಿಂಗಳು ಬೇಕು” ಎಂದು ಆತ ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಿಂತಿದೆ.

೨೦೦೫ರ ಮೇ ತಿಂಗಳಲ್ಲಿ ಈ ಆಟದ ಒಂದು ವಿಡಿಯೋ ಲೋಕಪ್ರಸಿದ್ಧವಾಯಿತು. ಅದರಲ್ಲಿ ತಂಡವೊಂದು ಗುಹೆಯ ಹೊರಗೆ ನಿಂತು ಗಂಭೀರವಾಗಿ ಲೆಕ್ಕಾಚಾರ ಹಾಕುತ್ತಿರುತ್ತದೆ. ಅಷ್ಟರಲ್ಲಿ ಲೀರಾಯ್ ಜೆಂಕಿನ್ಸ್ ಎಂಬ ಹೆಸರಿನ ಒಬ್ಬ ಆಟಗಾರ ತನ್ನ ಹೆಸರನ್ನು ತಾನೇ ಕೂಗುತ್ತ ಒಳಗೆ ನುಗ್ಗುತ್ತಾನೆ. ಉಳಿದವರು ಅವನನ್ನು ಉಳಿಸಲು ಓಡುತ್ತಾರೆ, ಎಲ್ಲರೂ ಸಾಯುತ್ತಾರೆ. ಅದು ವಿನೋದಕ್ಕಾಗಿ ಅಭಿನಯಿಸಿದ್ದೆಂದು ಆ ಬಳಿಕ ಅವರೇ ಹೇಳಿದರು. ಆದರೂ ನೋಡಿದ ಆಟಗಾರರೆಲ್ಲ ಬಿದ್ದು ಬಿದ್ದು ನಕ್ಕರಂತೆ. ಏಕೆಂದರೆ ಅಂಥವನೊಬ್ಬ ಪ್ರತಿಯೊಂದು ತಂಡದಲ್ಲಿಯೂ ಇರುತ್ತಾನೆ. ನಮ್ಮ ಸಂಘ ಸಂಸ್ಥೆಗಳಲ್ಲಿಯೂ ಇಲ್ಲವೆನ್ನಲಾಗದು.

ನಮ್ಮ ವಿದ್ಯಾರ್ಥಿಯದು ಹೀಲರ್‌ನ ಕೆಲಸ. ಅವನು ತೊಟ್ಟದ್ದು ಅರ್ಚಕನ ವೇಷ. ಅವನ ಪರದೆಯ ಮೇಲೆ ನಲವತ್ತು ಪುಟ್ಟ ಪಟ್ಟಿಗಳು. ಒಂದೊಂದು ಪಟ್ಟಿಯೂ ಒಬ್ಬೊಬ್ಬನ ಪ್ರಾಣ. ಗಾಯವಾದಂತೆ ಪಟ್ಟಿ ಕುಗ್ಗುತ್ತದೆ. ಅದು ಬರಿದಾಗುವುದರೊಳಗೆ ಮಂತ್ರ ತಲುಪಬೇಕು. ಮಂತ್ರಕ್ಕೆ ತಗಲುವ ಶಕ್ತಿಯಾದರೂ ಮಿತವಾದದ್ದು. ಕಂಡಕಂಡವರಿಗೆಲ್ಲ ಸುರಿದರೆ ಕಡೆಗೆ ಬೇಕಾದಾಗ ಇರುವುದಿಲ್ಲ. ಆನಿಕ್ಸಿಯಾ ಎಂಬ ಮಹಾಸರ್ಪವನ್ನು ಅವರ ತಂಡ ಎಷ್ಟೋ ಬಾರಿ ಕೊಂದಿತ್ತು; ಅದರ ರೂಪವನ್ನು ಮಾತ್ರ ತಾನು ಸರಿಯಾಗಿ ನೋಡಿದ್ದೇ ಇಲ್ಲವೆಂದು ಆತ ನಗುತ್ತ ಹೇಳಿದನು. ಅವನ ಕಣ್ಣೆಲ್ಲ ಆ ಪಟ್ಟಿಗಳ ಮೇಲೆ. ಯುದ್ಧ ಮುಗಿದ ಮೇಲೆ ಯಾರು ಎಷ್ಟು ಹೊಡೆದರು, ಯಾರು ಎಷ್ಟು ಗುಣಪಡಿಸಿದರು ಎಂಬ ಅಂಕಿಗಳ ಯಾದಿ ಬರುತ್ತದಂತೆ. ಆದರೆ ಆಗಬಹುದಾಗಿದ್ದು ಆಗದೆ ಉಳಿದ ಸಾವುಗಳ ಯಾದಿಯನ್ನು ಯಾವ ಯಂತ್ರವೂ ಬರೆಯಲಾರದು. ತೇರಿನ ಹಗ್ಗವನ್ನು ನೂರಾರು ಜನ ಹಿಡಿದೆಳೆಯುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ದಿಮ್ಮಿ ಹಿಡಿದು ಬಗ್ಗಿ ನಡೆಯುವ ನಾಲ್ಕಾರು ಮಂದಿಯನ್ನು ನೋಡುವವರು ವಿರಳ. ತೇರು ಮನೆಯ ಜಗಲಿಗೆ ನುಗ್ಗದೆ ಬೀದಿಯಲ್ಲೇ ಸಾಗಿತೆಂದರೆ ಅದು ಅವರ ಎಚ್ಚರದ ಫಲ.

ಆನಿಕ್ಸಿಯಾಳೊಡನೆ ನಡೆದ ಒಂದು ಯುದ್ಧವನ್ನು ನಾವೇ ಅವನ ಹಿಂದೆ ಕುಳಿತು ನೋಡಿದೆವು. ಮೊದಲ ಘಟ್ಟದಲ್ಲಿ ಸರ್ಪವು ನೆಲದ ಮೇಲಿರುತ್ತದೆ. ಅದರ ಮುಂದೆ ನಿಂತರೆ ಬೆಂಕಿ. ಹಿಂದೆ ನಿಂತರೆ ಬಾಲದ ಹೊಡೆತಕ್ಕೆ ಸಿಕ್ಕಿ ಮರಿಸರ್ಪಗಳ ಮೊಟ್ಟೆಗಳ ನಡುವೆ ಹೋಗಿ ಬೀಳಬೇಕಾಗುತ್ತದೆ. ಆದ್ದರಿಂದ ಟ್ಯಾಂಕ್‌ನ ಹೊರತು ಎಲ್ಲರೂ ಅದರ ಪಕ್ಕೆಗಳ ಕಡೆಗೇ ನಿಲ್ಲಬೇಕು. ಅದರ ಪ್ರಾಣ ನೂರಕ್ಕೆ ಅರವತ್ತೈದಕ್ಕೆ ಇಳಿದಾಗ ಅದು ಹಾರುತ್ತದೆ. ನಲವತ್ತಕ್ಕೆ ಇಳಿದಾಗ ಮತ್ತೆ ನೆಲಕ್ಕೆ ಬರುತ್ತದೆ. ಅಂದು ಅದು ಆಕಾಶದಲ್ಲಿದ್ದಾಗ ಒಳಕೋಣೆಯಲ್ಲಿ ಎರಡು ವರ್ಷದ ಮಗಳು ಅಳತೊಡಗಿದಳು. ಮಗುವಿಗೆ ಸಂಜೆಯಿಂದಲೇ ಮೈ ಬಿಸಿಯಿತ್ತು. ಮನೆಯಾಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಮೇಲಿದ್ದಳು. ಆತ ಒಂದೇ ಮಾತಿನಲ್ಲಿ ವಿಷಯ ತಿಳಿಸಿ ಎದ್ದುಹೋದನು. ನಾವು ನೋಡುತ್ತಿದ್ದಂತೆಯೇ ಪಟ್ಟಿಗಳು ಒಂದೊಂದಾಗಿ ಬರಿದಾದವು; ನಲವತ್ತು ಮಂದಿಯೂ ಸತ್ತರು. ಮಗುವಿಗೆ ಔಷಧಿ ಕುಡಿಸಿ, ಮಲಗಿಸಿ, ಆತ ಮರಳಿ ಬರುವ ಹೊತ್ತಿಗೆ ಅರ್ಧ ಗಂಟೆಯೇ ಕಳೆದಿತ್ತು. ಅಷ್ಟರಲ್ಲಿ ಅವರೆಲ್ಲ ಆಟದ ನಿಯಮದಂತೆ ಮರುಜೀವ ಪಡೆದು ಗುಹೆಯ ಬಾಯಲ್ಲಿ ಕುಳಿತಿದ್ದರು. ನಾಯಕನ ಮೊದಲ ಪ್ರಶ್ನೆ ಮಗುವಿನ ಜ್ವರ ಎಷ್ಟಿದೆ ಎಂಬುದಾಗಿತ್ತು. ಆ ನಾಯಕನ ಮುಖವನ್ನು ಇವನು ಅಂದಿನವರೆಗೆ ಕಂಡವನಲ್ಲ.

ಆದರೆ ಎಲ್ಲ ರಾತ್ರಿಗಳೂ ಹಾಗಿರಲಿಲ್ಲ. ಮರುದಿನ ಬೆಳಿಗ್ಗೆ ಆ ತಾಯಿ ನಮ್ಮೊಡನೆ ಹೇಳಿದ ಮಾತಿನಲ್ಲಿ ದೂರಿಗಿಂತ ಹೆಚ್ಚಾಗಿ ದಣಿವಿತ್ತು: “ನಲವತ್ತು ಜನರ ಪ್ರಾಣ ಇವರ ಕೈಲಿರುತ್ತೆ ಬುದ್ಧೀ. ಒಲೆ ಮೇಲೆ ಹಾಲು ಉಕ್ಕೋದು ಮಾತ್ರ ಇವರ ಕಣ್ಣಿಗೆ ಬೀಳೋದಿಲ್ಲ.” ಆತ ತಲೆತಗ್ಗಿಸಿ ಕುಳಿತಿದ್ದನು. ಆಟವನ್ನು ಬಿಡೆಂದು ನಾವು ಹೇಳಲಿಲ್ಲ. “ನೀನು ನೋಡುವ ಆ ನಲವತ್ತು ಪಟ್ಟಿಗಳ ಜೊತೆಗೆ ಮನೆಯವರದೂ ಎರಡು ಪಟ್ಟಿಗಳಿವೆಯಪ್ಪಾ, ಅವು ಪರದೆಯ ಮೇಲೆ ಕಾಣುವುದಿಲ್ಲ, ಅಷ್ಟೆ” ಎಂದು ಮಾತ್ರ ಹೇಳಿದೆವು. ಆ ವರ್ಷವೇ ಆತ ತನ್ನ ರಾತ್ರಿಗಳನ್ನು ಮೂರರಿಂದ ಒಂದಕ್ಕೆ ಇಳಿಸಿದನು. ಎರಡನೆಯ ಮಗು ಹುಟ್ಟಿದಾಗ ಆಟವನ್ನೇ ಬಿಟ್ಟನು.

ಇದೇ ಆಟದ ಇನ್ನೆರಡು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ತತ್ತ್ವವೇ ಗೋಚರವಾಗುತ್ತದೆ. ಮೋಲ್ಟನ್ ಕೋರ್ ಎಂಬ ಅಗ್ನಿಗುಹೆಯಲ್ಲಿ ಬ್ಯಾರನ್ ಗೆಡನ್ ಎಂಬ ವೈರಿಯಿದ್ದಾನೆ. ಅವನು ನಲವತ್ತು ಮಂದಿಯಲ್ಲಿ ಯಾರಾದರೊಬ್ಬನನ್ನು ಜೀವಂತ ಬಾಂಬನ್ನಾಗಿ ಮಾಡುತ್ತಾನೆ. ಕೆಲವೇ ಕ್ಷಣಗಳಲ್ಲಿ ಅವನು ಸಿಡಿಯುತ್ತಾನೆ. ಸಿಡಿಯುವುದನ್ನು ತಪ್ಪಿಸಲಾಗದು, ಆದರೆ ಅವನು ಗೆಳೆಯರಿಂದ ದೂರ ಓಡಿಹೋಗಬಹುದು. ಓಡಿಹೋದರೆ ನೋವು ಅವನೊಬ್ಬನಿಗೆ; ನಿಂತರೆ ಹತ್ತಾರು ಮಂದಿಗೆ. ಆ ಹೊತ್ತಿನಲ್ಲಿ ತಂಡಕ್ಕೆ ಅವನು ಮಾಡಬಲ್ಲ ಸೇವೆಯೆಂದರೆ ತಂಡವನ್ನು ಬಿಟ್ಟು ದೂರ ಹೋಗುವುದೊಂದೇ.

ಎರಡನೆಯದು ೨೦೦೫ರ ಸೆಪ್ಟೆಂಬರಿನದು. ಜುಲ್‌ಗುರುಬ್ ಎಂಬ, ಇಪ್ಪತ್ತು ಮಂದಿ ಹೋಗುವ ಸ್ಥಳದಲ್ಲಿ ಹಕ್ಕಾರ್ ಎಂಬ ವೈರಿಯು ಹೋರಾಟಗಾರರಿಗೆ ರಕ್ತದ ಸೋಂಕೊಂದನ್ನು ಹತ್ತಿಸುತ್ತಿದ್ದನು. ಅದು ಒಬ್ಬನಿಂದ ಹತ್ತಿರದವನಿಗೆ ಹರಡುವಂಥದು. ಆ ಸ್ಥಳದಲ್ಲಿಯೇ ಅದು ಮುಗಿಯಬೇಕೆಂಬುದು ಆಟ ರಚಿಸಿದವರ ಉದ್ದೇಶವಾಗಿತ್ತು. ಆದರೆ ಬೇಟೆಗಾರರ ಸಾಕುಪ್ರಾಣಿಗಳ ಮೂಲಕ ಸೋಂಕು ಹೊರಗಿನ ನಗರಗಳಿಗೆ ತಲುಪಿತು. ಬಲಿಷ್ಠರು ತಾಳಿಕೊಂಡರು; ಹೊಸಬರು ನಿಂತ ನಿಂತಲ್ಲೇ ಸತ್ತರು. ಬೀದಿಗಳ ತುಂಬ ಅಸ್ಥಿಪಂಜರಗಳು. ಕೆಲವು ಹೀಲರ್‌ಗಳು ತಾವಾಗಿ ಬಂದು ರೋಗಿಗಳ ಸೇವೆಗೆ ನಿಂತರು. ಕೆಲವರು ಊರು ಬಿಟ್ಟು ಓಡಿದರು. ಕೆಲವರು ಸೋಂಕನ್ನು ಬೇಕೆಂದೇ ಹರಡಿ ನಕ್ಕರು. ಕಡೆಗೆ ಸಂಸ್ಥೆಯವರೇ ಆಟವನ್ನು ಸರಿಪಡಿಸಬೇಕಾಯಿತು. ಎರಿಕ್ ಲಾಫ್‌ಗ್ರೆನ್ ಮತ್ತು ನೀನಾ ಫೆಫರ್‌ಮನ್ ಎಂಬ ವಿದ್ವಾಂಸರು ಇದನ್ನು ಕುರಿತು ೨೦೦೭ರಲ್ಲಿ ಲ್ಯಾನ್ಸೆಟ್ ಬಳಗದ ಸಾಂಕ್ರಾಮಿಕ ರೋಗಗಳ ಪತ್ರಿಕೆಯಲ್ಲಿ ಪ್ರಬಂಧ ಬರೆದರು. ೨೦೨೦ರಲ್ಲಿ ಕೊರೋನಾ ಬಂದಾಗ ಅನೇಕರು ಆ ಪ್ರಬಂಧವನ್ನು ನೆನೆದರು. ಗೆಡನ್‌ನ ಬೆಂಕಿ ಮೈಗೆ ಹತ್ತಿದಾಗ ದೂರ ಓಡುವುದನ್ನು ಕಲಿತಿದ್ದ ಆಟಗಾರರೇ, ನಾಯಕನ ಧ್ವನಿಯಿಲ್ಲದ ಬೀದಿಗೆ ಬಂದಾಗ ಆ ಪಾಠವನ್ನು ಮರೆತರು. ಯಾರೂ ಆಜ್ಞಾಪಿಸದಿದ್ದರೂ ತಾನಾಗಿ ಹಿಂದೆ ಸರಿಯಬಲ್ಲವನು ಮಾತ್ರ ಸಂಯಮವನ್ನು ನಿಜವಾಗಿ ಕಲಿತವನು.

ಗೆದ್ದ ಮೇಲಿನ ಪರೀಕ್ಷೆ ಇನ್ನೂ ಕಠಿಣ. ನಲವತ್ತು ಮಂದಿ ಹೋರಾಡಿ ಗೆದ್ದರೆ ದೊರೆಯುವುದು ಎರಡೋ ಮೂರೋ ವಸ್ತುಗಳು. ಯಾರಿಗೆ ಕೊಡಬೇಕು? ೧೯೯೯ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಹಿಂದಿನ ಆಟದ ಕಾಲದಲ್ಲಿಯೇ ಆಟಗಾರರು ಇದಕ್ಕೊಂದು ಲೆಕ್ಕದ ಕ್ರಮವನ್ನು ಕಂಡುಕೊಂಡಿದ್ದರು: ಹಾಜರಾದಷ್ಟೂ ಅಂಕ, ವಸ್ತು ಪಡೆದಾಗ ಅಂಕ ಕಳೆತ. ನಮ್ಮ ವಿದ್ಯಾರ್ಥಿಯ ತಂಡವೂ ಅದನ್ನೇ ಅನುಸರಿಸುತ್ತಿತ್ತು. ಆದರೆ ಒಳ್ಳೆಯ ಕವಚ ಸಿಕ್ಕರೆ ಅಂಕಗಳನ್ನು ನೋಡದೆ ಮೊದಲು ಟ್ಯಾಂಕ್‌ಗೆ ಕೊಡುತ್ತಿದ್ದರು. ಅವನು ನಿಂತರೆ ಎಲ್ಲರೂ ನಿಂತಂತೆ. ಈ ನ್ಯಾಯವನ್ನು ಒಪ್ಪದ ತಂಡಗಳು ಸರ್ಪದಿಂದ ಸೋಲಲಿಲ್ಲ, ಸರ್ಪದ ನಿಧಿಯಿಂದ ಒಡೆದುಹೋದವು ಎಂದು ಆತ ಹೇಳುವನು.

ಕಾಲಕ್ರಮದಲ್ಲಿ ಆಟವೂ ಬದಲಾಯಿತು. ೨೦೦೭ರ ಜನವರಿಯಿಂದ ಹೊಸ ಸಮರಗಳಿಗೆ ನಲವತ್ತರ ಬದಲು ಇಪ್ಪತ್ತೈದು ಅಥವಾ ಹತ್ತು ಮಂದಿ ಸಾಕಾದರು. ೨೦೧೧ರ ನವೆಂಬರಿನಲ್ಲಿ, ಅಪರಿಚಿತರನ್ನು ಯಂತ್ರವೇ ಆಯ್ದು ಒಂದು ತಂಡವಾಗಿ ಕೂಡಿಸುವ ಏರ್ಪಾಡು ಬಂದಿತು. ಗೆಲುವು ಸುಲಭವಾಯಿತು, ಆದರೆ ಜೊತೆಗೆ ಹೋರಾಡಿದವನ ಹೆಸರೇನೆಂದು ಕೇಳುವ ಅಗತ್ಯವೂ ಇಲ್ಲದಾಯಿತು. ಹಳೆಯ ರೂಪದ ಆಟವನ್ನೇ ೨೦೧೯ರ ಆಗಸ್ಟ್‌ನಲ್ಲಿ ಮತ್ತೆ ತೆರೆದಾಗ ಅನೇಕ ಹಳಬರು ಹಿಂದಿರುಗಿದರು. ಅವರಲ್ಲಿ ಇವನೂ ಒಬ್ಬ. ಈಗ ವಾರಕ್ಕೆ ಒಂದೇ ರಾತ್ರಿ, ಅದೂ ಮನೆಯವರ ಊಟವಾದ ಮೇಲೆ.

ಇದನ್ನೆಲ್ಲ ಓದಿ, ಆಟವಾಡುವುದು ಶ್ರೇಯಸ್ಕರವೆಂದು ನಾವು ಹೇಳುತ್ತಿದ್ದೇವೆಂದು ಯಾರೂ ತಿಳಿಯಬಾರದು. ಆಟದ ಮೇಲಣ ಹತೋಟಿ ತಪ್ಪುವುದು, ಉಳಿದೆಲ್ಲ ಕಾರ್ಯಗಳಿಗಿಂತ ಆಟವೇ ಮುಖ್ಯವಾಗುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾರದಿರುವುದು: ಈ ಮೂರು ಲಕ್ಷಣಗಳುಳ್ಳ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, ೨೦೨೨ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಮಕ್ಕಳಲ್ಲಿ ಈ ಲಕ್ಷಣಗಳು ಕಂಡರೆ ತಂದೆತಾಯಿಗಳು ಬೈದು ಸುಮ್ಮನಾಗದೆ ವೈದ್ಯರ ಸಲಹೆ ಪಡೆಯಬೇಕು. ಹಾಗಿಲ್ಲದ ಮನೆಗಳಲ್ಲಿ, ಯಂತ್ರವನ್ನು ಕಿತ್ತುಕೊಳ್ಳುವ ಮೊದಲು ಮಗನ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, “ಆ ತಂಡದಲ್ಲಿ ನಿನ್ನ ಕೆಲಸವೇನು? ನಿನ್ನನ್ನು ನಂಬಿದವರು ಯಾರು?” ಎಂದು ಕೇಳಿ ನೋಡಿರಿ. ಉತ್ತರದಲ್ಲಿ ಅವನ ಸ್ವಭಾವವೇ ನಿಮಗೆ ತಿಳಿದುಬರುವುದು.

ಹೊಡೆಯಬಲ್ಲ ಕೈಯನ್ನು ತಡೆದು ಹಿಡಿಯುವುದು, ಬೆಂಕಿ ಹತ್ತಿದಾಗ ತಾನೇ ದೂರ ಸರಿಯುವುದು, ಪರರ ಪ್ರಾಣದ ಮೇಲೆ ಕಣ್ಣಿಟ್ಟು ತನ್ನ ಹೆಸರನ್ನು ಮರೆಯುವುದು: ಇವನ್ನು ಎಲ್ಲಿ ಕಲಿತರೂ ಕಲಿತದ್ದೇ. ಕಲಿತದ್ದು ಪರದೆಯ ಮುಂದೆಯೇ ಉಳಿದುಬಿಟ್ಟರೆ ಅದು ಆಟ. ಅಲ್ಲಿಂದೆದ್ದು ಅಡುಗೆಮನೆಗೂ ಬೀದಿಗೂ ಬಂದರೆ ಅದು ವಿದ್ಯೆ. ನಮ್ಮ ತರುಣರ ಪಾಲಿಗೆ ಅದು ವಿದ್ಯೆಯೇ ಆಗಲೆಂದು ಹಾರೈಸುತ್ತೇವೆ.